ನಾನು ಕೈಗೊಳ್ಳದ ಮೌನವ್ರತ

ನನ್ನ ಹಾರ್ಮೋನಿಯಂ ಪೆಟ್ಟಿಗೆಯ ಮುಚ್ಚಳದ ಒಳಬದಿಗೆ ಒಂದು ಕಿರುಪುಸ್ತಕವನ್ನು ದಾರದಿಂದ ಕಟ್ಟಿದ್ದೇನೆ. ಅದರ ಎಡಪುಟದಲ್ಲಿ ಊರು, ಬಲಪುಟದಲ್ಲಿ ಶ್ರುತಿ. ಯಳಂದೂರು: ಬಿಳಿ ಒಂದು. ಧನಗೆರೆ: ಕಪ್ಪು ಒಂದು. ಅಜ್ಜೀಪುರ: ಕಪ್ಪು ಒಂದು, ಒಕ್ಕಣೆಯ ದಿನಗಳಲ್ಲಿ, ಗಂಟಲಿಗೆ ದೂಳು ಕೂತಿರುವುದರಿಂದ, ಬಿಳಿ ಒಂದು. ವಾದ್ಯದ ಯಾವ ಮನೆಯನ್ನು ಷಡ್ಜವಾಗಿ ಹಿಡಿದರೆ ಆ ಊರಿನ ಹೆಂಗಸರು ಕಿರುಚದೆ, ಗಂಡಸರು ಗೊಣಗದೆ ಹಾಡಬಲ್ಲರು ಎಂಬುದರ ವಿವರ ಇದು. ರಾಮಾಪುರದ ಆಚೆಗಿನ ಒಂದು ಸಣ್ಣ ಹಳ್ಳಿಯ ಎದುರಿಗೆ ಮಾತ್ರ ‘ಕಪ್ಪು ಎರಡು’ ಎಂದು ಬರೆದು, ಅದನ್ನು ಹೊಡೆದುಹಾಕಿ, ಮುಂದೆ ‘ಕಪ್ಪು ಮೂರು’ ಎಂದು ತಿದ್ದಲಾಗಿದೆ. ನನ್ನ ಪುಸ್ತಕಗಳಲ್ಲಿ ಹೊಡೆದುಹಾಕಿದ ಗೆರೆಗಳು ಅಪರೂಪ. ಆ ಒಂದು ಗೆರೆಯ ವೃತ್ತಾಂತವನ್ನು ಇಲ್ಲಿ ಬರೆಯುತ್ತೇನೆ.

ಎಂಬತ್ತರ ದಶಕದ ಆರಂಭದಲ್ಲಿ ನಾನು ಯಳಂದೂರಿನಲ್ಲಿ ಕನ್ನಡ ಅಧ್ಯಾಪಕನಾಗಿದ್ದೆ. ಹಾರ್ಮೋನಿಯಂ ಕಲಿತದ್ದು ಅಲ್ಲಿಯೇ, ನಾಟಕ ಕಂಪನಿಯೊಂದರಲ್ಲಿ ಬಾರಿಸಿ ದಣಿದು ಊರಿಗೆ ಮರಳಿದ್ದ ಒಬ್ಬ ವೃದ್ಧರಿಂದ. “ಬೆರಳು ವಸಿ ಸಡಿಲ ಬುಡಿ ಮೇಷ್ಟ್ರೇ, ಇದೇನು ಆಜರಿ ಕೂಗೋದಾ?” ಎಂದು ಅವರು ದಿನವೂ ಗದರುತ್ತಿದ್ದರು. ಮುಂದೆ ಕೊಳ್ಳೇಗಾಲದ ಶಾಲೆಗೆ ಬಂದ ಮೇಲೆ, ನಮ್ಮ ಕ್ರೈಸ್ತ ಸಭೆಯ ಗುರುಗಳು ನನಗೊಂದು ಕೆಲಸವನ್ನು ಒಪ್ಪಿಸಿದರು. ಹನೂರಿನ ಕಡೆಯ ಹಳ್ಳಿಗಳಲ್ಲಿ ಹತ್ತು ಹದಿನೈದು ಮನೆಗಳ ಪುಟ್ಟ ಸಭೆಗಳಿದ್ದವು. ಗುರುಗಳು ತಿಂಗಳಿಗೊಮ್ಮೆ ಬಂದು ಪೂಜೆ ಅರ್ಪಿಸುತ್ತಿದ್ದರು. ಉಳಿದ ಭಾನುವಾರಗಳಲ್ಲಿ ಆಯಾ ಊರಿನ ಉಪದೇಶಿಯೇ, ಅಂದರೆ ಪ್ರಾರ್ಥನೆ ನಡೆಸುವ ಗೃಹಸ್ಥನೇ, ಎಲ್ಲವನ್ನೂ ನೋಡಿಕೊಳ್ಳುತ್ತಿದ್ದನು. ಹಾಡು ಮಾತ್ರ ನನ್ನ ಪಾಲಿಗೆ ಬಂದಿತು. ಶನಿವಾರದ ಅರ್ಧ ದಿನದ ಶಾಲೆ ಮುಗಿಸಿ, ಪೆಟ್ಟಿಗೆಯನ್ನು ಬಸ್ಸಿಗೆ ಏರಿಸಿ, ಒಂದೊಂದು ವಾರ ಒಂದೊಂದು ಊರಿಗೆ ಹೋಗುತ್ತಿದ್ದೆ. ಹೀಗೆ ಹಲವು ವರ್ಷ ಕಳೆದೆ.

ಹಾಡಿನ ಪಾಠವನ್ನೂ ನಾನು ವ್ಯಾಕರಣದ ಪಾಠದಂತೆಯೇ ನಡೆಸುತ್ತಿದ್ದೆ ಎಂದು ಒಪ್ಪಿಕೊಳ್ಳಲೇಬೇಕು. ಆ ಸೀಮೆಯವರ ನಾಲಗೆಯ ಮೇಲೆ ಹಕಾರ ನಿಲ್ಲುವುದಿಲ್ಲ. ದೇವರ ಸ್ತುತಿಯ ‘ಹೊಸಾನ್ನ’ ಎಂಬ ಪದವನ್ನು ‘ಒಸಾನ್ನ’ ಎನ್ನುವರು. ಅದನ್ನು ಇಪ್ಪತ್ತು ಸಲ ಹೇಳಿಸಿ, ಇಪ್ಪತ್ತೊಂದನೆಯ ಸಲವೂ ‘ಒಸಾನ್ನ’ವೇ ಬಂದಾಗ ಪುಸ್ತಕ ಮುಚ್ಚಿ ಕುಳಿತುಬಿಡುತ್ತಿದ್ದೆ. ಆಗ ರಾಮಾಪುರದ ಆಚೆಯ ಆ ಹಳ್ಳಿಯಲ್ಲಾದರೆ ಒಬ್ಬ ಮುದುಕಿ, ಅಲ್ಲಿಯ ಉಪದೇಶಿಯ ತಾಯಿ, “ದ್ಯಾವ್ರಿಗೆ ಕ್ವಾಪ ಇಲ್ಲ, ನಿಂಗ್ಯಾಕೆ ತಂಬಿ?” ಎಂದು ಕೇಳುತ್ತಿದ್ದಳು. ಆಕೆಯ ತವರು ತಮಿಳು ಗಡಿಯ ಕಡೆಗೆ. ತನಗಿಂತ ಕಿರಿಯರಾದ ಎಲ್ಲ ಗಂಡಸರೂ ಆಕೆಗೆ ‘ತಂಬಿ’ಗಳೇ.

ತೊಂಬತ್ತರ ದಶಕದ ನಡುವಿನ ಒಂದು ವರ್ಷ, ನಮ್ಮ ತಪಸ್ಸು ಕಾಲ ಆರಂಭವಾಗುವ ವಿಭೂತಿ ಬುಧವಾರದ ಹೊತ್ತಿಗೆ ನನ್ನ ದನಿ ಒಡೆಯಿತು. ನೆಗಡಿಯೆಂದು ತಿಳಿದು ಮೆಣಸಿನ ಕಷಾಯ ಕುಡಿದೆ. ಎರಡು ವಾರವಾದರೂ ಹೋಗಲಿಲ್ಲ. ತರಗತಿಯಲ್ಲಿ ಕೊನೆಯ ಸಾಲಿನವರಿಗೆ ನಾನು ಕೇಳಿಸುತ್ತಿರಲಿಲ್ಲ. ಹಾಡುವಾಗ ಮೇಲಿನ ಷಡ್ಜದ ಬಳಿಗೆ ಹೋದರೆ ಬರಿಯ ಗಾಳಿ ಹೊರಡುತ್ತಿತ್ತು. ಕೊಳ್ಳೇಗಾಲದ ವೈದ್ಯರು ನೋಡಿ ಮೈಸೂರಿಗೆ ಬರೆದುಕೊಟ್ಟರು. ಮೈಸೂರಿನಲ್ಲಿ ಗಂಟಲೊಳಗೆ ಕೊಳವೆ ಇಳಿಸಿ, ಧ್ವನಿತಂತುವಿನ ಮೇಲೆ ಒಂದು ಗಂಟು ಇದೆಯೆಂದರು. ಅದರ ಚೂರನ್ನು ತೆಗೆದು ಪರೀಕ್ಷೆಗೆ ಕಳುಹಿಸಿದರು. ವರದಿ ಬರುವವರೆಗೂ, ಬಂದ ಮೇಲೂ ಒಂದು ತಿಂಗಳು, ಪಿಸುಮಾತನ್ನೂ ಆಡಕೂಡದೆಂದು ಅಪ್ಪಣೆಯಾಯಿತು.

ನನ್ನ ತಂದೆಯವರ ದನಿಯೂ ಹೀಗೆಯೇ ಒಡೆದಿತ್ತು. ಅವರ ಗಂಟಲಿನಲ್ಲಿಯೂ ಒಂದು ಗಂಟು ಇತ್ತು. ಏಳು ತಿಂಗಳಲ್ಲಿ ಅವರು ತೀರಿಕೊಂಡರು. ಈ ಸಂಗತಿಯನ್ನು ಬಲ್ಲವರು ಕೊಳ್ಳೇಗಾಲದಲ್ಲಿ ಇಬ್ಬರೇ: ನಾನು ಮತ್ತು ನನ್ನ ಪತ್ನಿ. ಆ ದಿನಗಳಲ್ಲಿ ನಾವಿಬ್ಬರೂ ಅದನ್ನು ಎತ್ತಲಿಲ್ಲ. ನಾನು ಎತ್ತುವಂತಿರಲಿಲ್ಲ, ಆಕೆ ಎತ್ತಲಿಲ್ಲ.

ಶಾಲೆಯಿಂದ ಒಂದು ಸ್ಲೇಟನ್ನೂ ಬಳಪಗಳನ್ನೂ ತಂದು ಚೀಲದಲ್ಲಿಟ್ಟುಕೊಂಡೆ. ಅದರ ಮೇಲೆ ‘ನಾನು ಸದ್ಯಕ್ಕೆ ಮಾತನಾಡುವಂತಿಲ್ಲ. ದಯವಿಟ್ಟು ಕ್ಷಮಿಸಿ.’ ಎಂದು ದುಂಡಾಗಿ ಬರೆದು ಎಲ್ಲರಿಗೂ ತೋರಿಸುತ್ತಿದ್ದೆ. ಕಾರಣವನ್ನು ಬರೆಯಲಿಲ್ಲ. ಕಾಯಿಲೆಯ ಮಾತು ಹೊರಬಿದ್ದರೆ ಊರೂರಿನಲ್ಲಿಯೂ ಮರುಕದ ಮುಖಗಳನ್ನು ನೋಡಬೇಕಾಗುತ್ತದೆ ಎಂಬ ಅಂಜಿಕೆ ಒಂದು. ಹಾಡಲಾರದವನನ್ನು ಹಾಡಿಗಾಗಿ ಯಾರು ಕರೆಯುವರು ಎಂಬ ಅಂಜಿಕೆ ಇನ್ನೊಂದು.

ವರದಿ ಸಿಗಬೇಕಾಗಿದ್ದುದು ಗರಿಗಳ ಭಾನುವಾರದ ಹಿಂದಿನ ದಿನ. ಪಾಸ್ಕ ಹಬ್ಬಕ್ಕೆ, ಅಂದರೆ ಈಸ್ಟರಿಗೆ, ಒಂದು ವಾರ ಮುಂಚಿನ ಆ ಭಾನುವಾರದಂದು ಊರಿನ ಒಂದು ತುದಿಯಿಂದ ದೇವಾಲಯದವರೆಗೆ, ಗರಿಗಳನ್ನು ಹಿಡಿದು ಹಾಡುತ್ತಾ ಮೆರವಣಿಗೆ ಹೋಗುವುದು ನಮ್ಮ ಸಂಪ್ರದಾಯ. ರಾಮಾಪುರದ ಆಚೆಯ ಹಳ್ಳಿಗೆ ನಾನು ಮಾತು ಕೊಟ್ಟಿದ್ದೆ. ಮೈಸೂರಿಗೆ ಹೋಗಲೇ, ಹಳ್ಳಿಗೆ ಹೋಗಲೇ ಎಂದು ಸ್ಲೇಟಿನ ಮೇಲೆ ಬರೆದು ಪತ್ನಿಯ ಮುಂದೆ ಹಿಡಿದೆ.

“ನೀವು ಹಳ್ಳಿಗೆ ಹೋಗಿಬಿಡಿ. ಆಸ್ಪತ್ರೆ ಬೆಂಚಿನ ಮೇಲೆ ಕೂತು ನೀವು ಬೆವರೋದನ್ನ ನನ್ನ ಕೈಲಿ ನೋಡಕ್ಕಾಗಲ್ಲ” ಎಂದಳು. “ನಾನು ಮೊದಲನೆ ಬಸ್ಸಿಗೆ ಮೈಸೂರಿಗೆ ಹೋಗಿ ಮಧ್ಯಾಹ್ನದೊಳಗೆ ವಾಪಸ್ ಬರ್ತೀನಿ. ಮೂರು ಗಂಟೆ ಬಸ್ಸಿನ ಕಂಡಕ್ಟರ್ ಹತ್ತಿರ ಹೇಳಿ ಕಳಿಸ್ತೀನಿ. ಸಾಯಂಕಾಲ ರಾಮಾಪುರದ ಸ್ಟಾಪಿನಲ್ಲಿ ನಿಂತಿರಿ.”

ನಾನು ‘ಚೀಟಿ’ ಎಂದು ಬರೆದು ಅಡಿಗೆರೆ ಎಳೆದೆ. ಆಕೆ ಹೂಂಗುಟ್ಟಿದಳು.

ಶನಿವಾರ ರಜೆ ಹಾಕಿ ಬೆಳಗಿನ ಬಸ್ಸು ಹತ್ತಿದೆ. ಕೊಳ್ಳೇಗಾಲ ಮತ್ತು ರಾಮಾಪುರದ ನಡುವೆ ದಿನಕ್ಕೆ ಮೂರು ಸಲ ಓಡಾಡುವ ಆ ಬಸ್ಸಿನ ಕಂಡಕ್ಟರು ನನಗೆ ಹತ್ತು ವರ್ಷದ ಪರಿಚಯ. ಸ್ಲೇಟನ್ನು ಓದಿ ಹುಬ್ಬೇರಿಸಿದನೇ ಹೊರತು ಏನನ್ನೂ ಕೇಳಲಿಲ್ಲ. ಕಾಡುಗಳ್ಳರ ಹಾವಳಿಯ ಆ ವರ್ಷಗಳಲ್ಲಿ ಕಾಡಿನ ಕಡೆಗೆ ಹೋಗುವ ಬಸ್ಸುಗಳನ್ನು ನಿಲ್ಲಿಸಿ ಪೊಲೀಸರು ಸಾಮಾನು ನೋಡುವುದು ವಾಡಿಕೆಯಾಗಿತ್ತು. ಅಜ್ಜೀಪುರ ದಾಟಿದ ಮೇಲೆ ಬಸ್ಸು ನಿಂತಿತು.

“ಈ ಪೆಟ್ಟಿಗೆ ಯಾರ್ದು? ಏನದೆ ಇದ್ರಲ್ಲಿ?” ಎಂದು ಪೇದೆಯೊಬ್ಬನು ಕೇಳಿದನು.

ನಾನು ಸ್ಲೇಟನ್ನು ತೋರಿಸಿದೆ.

“ಮಾತನಾಡುವಂತಿಲ್ಲವಾ? ಯಾಕೆ, ಯಾರು ಬ್ಯಾಡ ಅಂದವ್ರೆ?”

ನಾನು ಬಳಪವನ್ನು ತೆಗೆಯುವಷ್ಟರಲ್ಲಿ ಕಂಡಕ್ಟರು ಬಾಗಿಲಿನಿಂದಲೇ ಕೂಗಿದನು: “ಸಾ, ಅವ್ರು ನಮ್ ಮೇಷ್ಟ್ರು ಕಣ್ರಿ. ಆಡೇಳೋ ಪೆಟ್ಟಿಗೆ ಅದು. ಅವ್ರ ಸಬೇಲಿ ಈಗ ತಪಸ್ಸಿನ ಕಾಲ. ಮೌನವ್ರತ ಇಡ್ದವ್ರೆ.”

ಪಾಸ್ಕ ಹಬ್ಬಕ್ಕೆ ಮುಂಚಿನ ನಲವತ್ತು ದಿನಗಳನ್ನು ನಮ್ಮವರು ತಪಸ್ಸು ಕಾಲವೆಂದೇ ಕರೆಯುವುದರಿಂದ ಅವನ ಊಹೆಯಲ್ಲಿ ತರ್ಕವಿತ್ತು. ಬಳಪ ನನ್ನ ಬೆರಳುಗಳ ನಡುವೆಯೇ ಇತ್ತು. ‘ವ್ರತವಲ್ಲ, ವೈದ್ಯರ ಅಪ್ಪಣೆ’ ಎಂದು ಮೂರು ಪದ ಬರೆದಿದ್ದರೆ ಮುಗಿಯುತ್ತಿತ್ತು. ಒಂದು ಒತ್ತಕ್ಷರದ ತಪ್ಪನ್ನೂ ಬಿಡದೆ ತಿದ್ದುವ ನಾನು, ಆ ತಪ್ಪನ್ನು ತಿದ್ದಲಿಲ್ಲ. ತಲೆಯಾಡಿಸಿದೆ.

“ಅಂಗಾರೆ ಪೆಟ್ಟಿಗೆ ಮಾತಾಡ್ಲಿ” ಎಂದು ಪೇದೆ ನಕ್ಕನು.

ರಸ್ತೆಬದಿಯ ಕಲ್ಲಿನ ಮೇಲೆ ಪೆಟ್ಟಿಗೆಯನ್ನು ತೆರೆದು, ತಿದಿಯನ್ನು ಒತ್ತಿ, ಒಂದು ಸಾಲು ನುಡಿಸಿದೆ. ಬಸ್ಸಿನ ಕಿಟಕಿಗಳಲ್ಲೆಲ್ಲ ತಲೆಗಳು. ಮತ್ತೆ ಹತ್ತಿದಾಗ, ಮುಂದಿನ ಸೀಟಿನ ರೈತರೊಬ್ಬರು ಎದ್ದು ನನಗೆ ಜಾಗ ಬಿಟ್ಟುಕೊಟ್ಟರು.

“ಕುತ್ಕಳಿ ಸಾ. ನಿಮ್ ದ್ಯಾವ್ರು ಯಾರಾರಾ ಆಗ್ಲಿ, ಬಾಯಿ ಕಟ್ಟೋದು ಸಣ್ ಕೆಲ್ಸ ಅಲ್ಲ. ನಮ್ಮನೇವ್ಳಿಗೂ ವಸಿ ಏಳ್ಕೊಡಿ.”

ಪಕ್ಕದಲ್ಲಿದ್ದ ಆ ‘ಮನೆಯವಳು’ ತಿರುಗಿ, “ನಂಗ್ಯಾಕೆ? ವಾರಕ್ಕೆ ಒಂದಿನ ನೀನೇ ಇಡ್ದು ನೋಡು, ಮನೆ ತಣ್ಣಗಿರ್ತದೆ” ಎಂದಳು. ಬಸ್ಸೆಲ್ಲ ನಕ್ಕಿತು. ನನಗೂ ನಗು ಬಂದಿತು. ಆದರೆ ನಗುವುದಕ್ಕೂ ದನಿ ಬೇಕಲ್ಲವೇ ಎಂದು ಅದುಮಿಕೊಂಡೆ.

ನಾನು ರಾಮಾಪುರದಿಂದ ನಡೆದು ಹಳ್ಳಿ ಸೇರುವ ಮೊದಲೇ ವ್ರತದ ಸುದ್ದಿ ಸೈಕಲ್ಲಿನ ಮೇಲೆ ಅಲ್ಲಿಗೆ ಸೇರಿತ್ತು. ಉಪದೇಶಿಯು ಕೈಮುಗಿದು ಎದುರುಗೊಂಡನು. ನಲವತ್ತರ ಗಟ್ಟಿ ಆಳು, ರಾಗಿ ಮತ್ತು ಹುರುಳಿ ಬೆಳೆಯುವ ರೈತ. ಎಂದಿನಂತೆ ಮಾತನ್ನು ಸುರಿಸುವ ಬದಲು ಅಂದು ಅವನು ಕೈಸನ್ನೆಯಿಂದಲೇ ಚಾಪೆ ತೋರಿಸಿದನು. ಅವನ ಮಕ್ಕಳು ಬಾಗಿಲ ಬಳಿ ನಿಂತು ನನ್ನನ್ನು ನೋಡುತ್ತಿದ್ದರು; ಒಂದು ಮಗು ಏನೋ ಹೇಳಹೊರಟರೆ ಇನ್ನೊಂದು ಅದರ ಬಾಯಿ ಮುಚ್ಚಿತು. ನಾನೊಬ್ಬನು ಮೌನವಾಗಿದ್ದರೆ ಸಾಲದೆಂದು ಇಡೀ ಮನೆಯೇ ಮೌನವನ್ನು ಹಿಡಿದಂತಿತ್ತು. ಮುದುಕಿ ಮಾತ್ರ ಒಳಗಿನಿಂದ, “ಸತ್ತೋರ್ ಮನೆ ಆದಂಗಾಯ್ತಲ್ಲಾ!” ಎಂದು ಗೊಣಗಿದಳು. ಮಗ “ಶ್‌” ಎಂದನು.

ಮಧ್ಯಾಹ್ನ ಹಾಡಿನ ಅಭ್ಯಾಸ. ನಾನು ‘ಕಪ್ಪು ಎರಡು’ ಹಿಡಿದು ಕುಳಿತೆ. ಹಿಂದೆಲ್ಲ ನಾನು ಹಾಡಿ, ಅವರು ಹಿಂದೆ ಹಾಡುತ್ತಿದ್ದರು. ಈಗ ವಾದ್ಯವೊಂದೇ ದಾರಿ ತೋರಿಸಬೇಕಾಗಿತ್ತು. ಅವರು ಹೇಗೋ ಹಾಡಿದರು. ‘ಒಸಾನ್ನ’ ಎಂದೇ ಹಾಡಿದರು. ನಾನು ಸ್ಲೇಟನ್ನು ಎತ್ತಲಿಲ್ಲ. ನನ್ನ ಮನಸ್ಸೆಲ್ಲ ಮೂರು ಗಂಟೆಯ ಬಸ್ಸಿನಲ್ಲಿತ್ತು.

ಐದು ಗಂಟೆಗೆ ರಾಮಾಪುರದ ಸ್ಟಾಪಿನಲ್ಲಿ ನಿಂತೆ. ಬೇಡವೆಂದು ಸನ್ನೆ ಮಾಡಿದರೂ ಉಪದೇಶಿಯು ಜೊತೆಗೆ ಬಂದಿದ್ದನು. ಬಸ್ಸು ಬಂದಿತು. ಕಂಡಕ್ಟರು ಇಳಿದವನೇ ನನ್ನನ್ನು ಕಂಡು, ಟಿಕೆಟ್ ಚೀಲವನ್ನು ಬೆನ್ನಿಗೆ ಸರಿಸಿ ಎರಡೂ ಕೈ ಮುಗಿದನು. ಬಾಯಿ ತೆರೆಯಲಿಲ್ಲ. ನಾನು ಸಿದ್ಧವಾಗಿ ಬರೆದು ತಂದಿದ್ದ ‘ಚೀಟಿ?’ ಎಂಬ ಸ್ಲೇಟನ್ನು ಹಿಡಿದೆ. ಅವನು ಇಲ್ಲವೆಂದು ತಲೆಯಾಡಿಸಿ, ತುಟಿಯ ಮೇಲೆ ಬೆರಳಿಟ್ಟುಕೊಂಡು, ಉಪದೇಶಿಯ ಹೆಗಲ ಮೇಲೆ ಕೈಹಾಕಿ ಬಸ್ಸಿನ ಹಿಂಬದಿಗೆ ಕರೆದುಕೊಂಡು ಹೋದನು. ಇಬ್ಬರೂ ಏನೋ ಮಾತನಾಡಿದರು. ಉಪದೇಶಿಯು ಒಮ್ಮೆ ನನ್ನ ಕಡೆಗೆ ತಿರುಗಿ ನೋಡಿ, ಅಂಗೈಯಿಂದ ಕಣ್ಣು ಒರೆಸಿಕೊಂಡನು.

ನಾನು ಕಂಡದ್ದು ಇಷ್ಟು. ಇದರಿಂದ ನಾನು ಕಟ್ಟಿಕೊಂಡ ವಾಕ್ಯ ಯಾವುದೆಂದು ಬಿಡಿಸಿ ಹೇಳಬೇಕಾಗಿಲ್ಲ. ಒಳ್ಳೆಯ ಸುದ್ದಿಯಾಗಿದ್ದರೆ ಆಕೆ ಚೀಟಿ ಬರೆಯುತ್ತಿದ್ದಳು. ಕೆಟ್ಟದ್ದಾದ್ದರಿಂದ ಅದನ್ನು ನನಗೆ ತಿಳಿಸದೆ, ನನ್ನನ್ನು ಜೋಪಾನ ಮಾಡುವಂತೆ ಅವರಿಗೆ ಹೇಳಿ ಕಳುಹಿಸಿದ್ದಾಳೆ.

ಹಿಂದಿರುಗುವ ದಾರಿಯಲ್ಲಿ ಉಪದೇಶಿಯು ಹಾರ್ಮೋನಿಯಂ ಇಲ್ಲದ ನನ್ನ ಬರಿಯ ಚೀಲವನ್ನೂ ಕಸಿದುಕೊಂಡು ತಾನೇ ಹೊತ್ತನು. ಮನೆಯಲ್ಲಿ ನನ್ನೊಬ್ಬನಿಗೆ ಅಕ್ಕಿಯ ಅನ್ನ, ಕೆನೆಮೊಸರು, ರಸಬಾಳೆಹಣ್ಣು. ಎದುರು ಮನೆಯ ಲಿಂಗಾಯತ ಗೌಡರ ಹೆಂಡತಿ ಒಂದು ಚೊಂಬು ಹಾಲು ಕಳುಹಿಸಿದ್ದರು. ಹೊದೆಯಲು ಅವರ ಟ್ರಂಕಿನಿಂದ ಹೊಸ ಕಂಬಳಿ ಬಂದಿತು. ಒಂದೊಂದು ಉಪಚಾರವೂ ನನ್ನ ಊಹೆಗೆ ಒಂದೊಂದು ಸಾಕ್ಷಿಯಾಯಿತು. ಏಳು ತಿಂಗಳೆಂದರೆ ಯಾವ ಮಾಸದವರೆಗೆ ಎಂದು ಬೆರಳು ಮಡಚಿ ಎಣಿಸಿದೆ. ಆ ರಾತ್ರಿಯ ಬಗ್ಗೆ ಇನ್ನು ಹೆಚ್ಚು ಬರೆಯಲಾರೆ.

ಬೆಳಿಗ್ಗೆ ಎಂಟಕ್ಕೆ ಎಲ್ಲರೂ ಊರ ಹೊರಗಿನ ಹುಣಸೆಮರದ ಕೆಳಗೆ ಸೇರಿದರು. ಕೈಕೈಗಳಲ್ಲಿ ಈಚಲ ಗರಿ. ಹಾರ್ಮೋನಿಯಂ ಅನ್ನು ಪಟ್ಟಿಯಿಂದ ಕೊರಳಿಗೆ ನೇತುಹಾಕಿಕೊಂಡು ನಾನು ಮುಂದೆ ನಿಂತೆ. ಮುದುಕಿ ತನ್ನ ವಯಸ್ಸಿನ ಹಕ್ಕಿನಿಂದ ನನ್ನ ಪಕ್ಕದಲ್ಲಿಯೇ ನಿಂತಳು. ಹಾಡು ಹೊರಟಿತು. ಕರುಗಳು ಬೆದರಿ ಓಡಿದವು. ಬೀದಿಯವರು ಜಗಲಿಗಳ ಮೇಲೆ ಬಂದು ನಿಂತರು. ನನ್ನ ಬೆರಳುಗಳು ತಮ್ಮ ಪಾಡಿಗೆ ಮನೆಗಳ ಮೇಲೆ ಓಡುತ್ತಿದ್ದವು. ಇಂಥ ಇನ್ನೊಂದು ಭಾನುವಾರ ನನಗೆ ಸಿಗುವುದಿಲ್ಲವೆಂದು ನಾನು ನಂಬಿದ್ದೆ. ಗೌಡರ ಜಗಲಿಯ ಎದುರಿಗೆ ಬಂದಾಗ ಮುದುಕಿ ನನ್ನ ಮೊಣಕೈಗೆ ಗರಿಯಿಂದ ತಿವಿದಳು.

“ಏನ್ ತಂಬಿ, ಮೊಕ ಯಾಕಿಂಗ್ ಮಾಡ್ಕಂಡಿದ್ದೀಯ? ಒಸಾನ್ನ ಆಡೋ ದಿನ ಇದು, ಎಣ ಎತ್ತೋ ದಿನ ಅಲ್ಲ. ನಿನ್ ಎಂಡ್ರು ಏಳ್ ಕಳ್ಸವ್ಳಲ್ಲಾ, ಗಂಟ್ಲಲ್ಲಿ ಕೆಟ್ ಕಾಯ್ಲೆ ಏನೂ ಇಲ್ಲ ಅಂತ! ಇನ್ನೇನ್ ಬೇಕು ನಿಂಗೆ?”

ತಿದಿಯ ಮೇಲಿದ್ದ ನನ್ನ ಎಡಗೈ ನಿಂತಿತು. ಹಾರ್ಮೋನಿಯಂ ನಿಟ್ಟುಸಿರು ಬಿಟ್ಟು ಸುಮ್ಮನಾಯಿತು. ಎರಡು ಸಾಲು ಬರಿಯ ಬಾಯಿಂದ ಸಾಗಿದ ಹಾಡು ಅಲ್ಲಲ್ಲೇ ಉದುರಿತು, ಮೆರವಣಿಗೆಯೂ ನಿಂತಿತು.

“ಅವ್ವಾ! ವ್ರತ ಕೆಡಿಸ್ಬುಟ್ಟಲ್ಲಾ!” ಎಂದು ಉಪದೇಶಿ ಓಡಿಬಂದನು. “ಪಾಸ್ಕ ಅಬ್ಬ ಮುಗಿಯೋಗಂಟ ಯಾರೂ ಉಸ್ರು ಬುಡಬಾರ್ದು ಅಂತ ಎಲ್ರಿಗೂ ಏಳಿರ್ಲಿಲ್ವಾ?”

“ವ್ರತ ಅವ್ರದು ಕಣ್ಲಾ, ನಂದಲ್ಲ. ನಾನ್ಯಾಕ್ ಬಾಯಿ ಮುಚ್ಕಳ್ಳಿ? ನಿನ್ನೆ ಸಂಜೆಯಿಂದ ನೋಡ್ತಾವ್ನಿ, ನಿಮ್ ಮೇಷ್ಟ್ರು ಬಾಳೆಣ್ಣ ಔಷ್ದಿ ನುಂಗ್ದಂಗೆ ನುಂಗ್ತಾವ್ರೆ.”

ಉಪದೇಶಿಯು ತಲೆ ತಗ್ಗಿಸಿ ನನಗೆ ವಿವರಿಸಿದನು. ನನ್ನ ಪತ್ನಿ ಕಂಡಕ್ಟರನಿಗೆ ಬಾಯಿಮಾತಿನಲ್ಲಿಯೇ ಹೇಳಿದ್ದಳು: ಅದು ಬರಿಯ ಗಂಟು, ಕೂಗಿ ಕೂಗಿ ಆದದ್ದು, ಕೆಟ್ಟದ್ದೇನೂ ಇಲ್ಲ, ಒಂದು ತಿಂಗಳು ಸುಮ್ಮನಿದ್ದರೆ ಹೋಗುತ್ತದೆ. ಕಂಡಕ್ಟರು ಅದನ್ನು ಕೇಳಿ, ಮೇಷ್ಟರು ಗಂಟಲಿಗಾಗಿಯೇ ಮೌನವ್ರತ ಹಿಡಿದಿದ್ದಾರೆ, ವ್ರತ ಫಲಿಸಿದೆ ಎಂದು ತಿಳಿದನು. ಫಲಿಸಿದ ವ್ರತವನ್ನು ನಡುವೆ ಮುರಿಯಬಾರದು. ಸುದ್ದಿ ಕೇಳಿದರೆ ಸಂತೋಷದಲ್ಲಿ ಬಾಯಿಂದ ಮಾತು ಬಂದುಬಿಟ್ಟೀತು. ಆದ್ದರಿಂದ ನನಗೆ ಹೇಳದೆ ಉಪದೇಶಿಗೆ ಹೇಳಿದನು. ಉಪದೇಶಿಯು ಸಭೆಗೆ ಹೇಳಿದನು. ಸಭೆಯವರು ಎದುರು ಮನೆಗೆ ಹೇಳಿದರು. ಶನಿವಾರ ಸಂಜೆಯಿಂದ ಆ ಹಳ್ಳಿಯಲ್ಲಿ ನನ್ನ ಗಂಟಲಿನ ಕ್ಷೇಮ ತಿಳಿಯದಿದ್ದವನು ನಾನೊಬ್ಬನೇ.

ನಾನು ಗೌಡರ ಜಗಲಿಯ ಅಂಚಿನ ಮೇಲೆ ಕುಳಿತುಬಿಟ್ಟೆ. ನನ್ನ ತಂದೆಯವರ ಮುಖ ಒಮ್ಮೆ ಕಣ್ಣ ಮುಂದೆ ಬಂದು, ಅಪರೂಪಕ್ಕೆ, ನಗುತ್ತಾ ಹೋಯಿತು. ಗೌಡರ ಹೆಂಡತಿ ನೀರು ತಂದರು. ಕುಡಿದು, ಚೀಲದಿಂದ ಸ್ಲೇಟನ್ನು ತೆಗೆದೆ. ಬಳಪ ಎರಡು ಸಲ ಮುರಿಯಿತು. ಹಿಂದಿನ ದಿನ ಬರೆಯಬೇಕಾಗಿದ್ದ ಮೂರು ಪದಗಳನ್ನು ಬರೆದು, ಕೆಳಗೆ ‘ನಾನು ಸುಳ್ಳಿಗೆ ತಲೆಯಾಡಿಸಿದೆ. ಕ್ಷಮಿಸಿ.’ ಎಂದು ಸೇರಿಸಿ ಉಪದೇಶಿಯ ಕೈಗೆ ಕೊಟ್ಟೆ. ಅವನು ಎಲ್ಲರಿಗೂ ಕೇಳುವಂತೆ ಓದಿದನು.

ಉಪದೇಶಿಯ ಹೆಂಡತಿ, “ಅಯ್ಯೋ ಸಾ! ಇದ್ಕಾ ನಾವು ನಿನ್ನೆಯಿಂದ ಐದ್ ಮಕ್ಳ ಬಾಯಿ ಕಟ್ಟಾಕಿದ್ದು?” ಎಂದು ಹಣೆ ಚಚ್ಚಿಕೊಂಡಳು. ಮೊದಲು ನಕ್ಕವರು ಜಗಲಿಯ ಮೇಲಿದ್ದ ಗೌಡರು. ಬಳಿಕ ಬೀದಿಯೇ ನಕ್ಕಿತು.

“ಆ ಚೊಂಬ್ ಆಲು ವಾಪಸ್ ಕೊಡಿ ಮೇಷ್ಟ್ರೇ” ಎಂದು ಗೌಡರು ಹಾಸ್ಯ ಮಾಡಿದರು, “ವ್ರತ ಇರೋರಿಗೆ ಅಂತ ಕಳ್ಸಿದ್ದು.”

“ಕಾಯ್ಲೆಯೋರಿಗೂ ಆಲೇ ಕೊಡೋದು” ಎಂದು ಮುದುಕಿ ನನ್ನ ಪರವಾಗಿ ಉತ್ತರಿಸಿದಳು. “ಏಳು ತಂಬಿ, ಬಿಸ್ಲು ಏರ್ತಾ ಅದೆ. ಗುರುಗಳು ಬಂದು ಗುಡಿ ಬಾಗ್ಲಲ್ಲಿ ಕಾಯ್ತಾವ್ರೆ.”

ಎದ್ದು ಪಟ್ಟಿಯನ್ನು ಕೊರಳಿಗೆ ಹಾಕಿಕೊಂಡು, ತಿದಿಯನ್ನು ಒತ್ತಿ ಹಾಡನ್ನು ಮತ್ತೆ ಎತ್ತಿದೆ. ಎರಡು ಸಾಲು ಕಳೆದ ಮೇಲೆ ನನ್ನ ಬೆರಳಿನ ಕಡೆಗೆ ನೋಡಿದರೆ, ಹಿಡಿದಿರುವುದು ಕಪ್ಪು ಎರಡಲ್ಲ, ಕಪ್ಪು ಮೂರು! ಎಷ್ಟೋ ವರ್ಷಗಳಲ್ಲಿ ಅಂಥ ತಪ್ಪನ್ನು ಮಾಡಿರಲಿಲ್ಲ. ಆ ಎತ್ತರದಲ್ಲಿ ಆ ಊರಿನವರು ಎಂದೂ ಹಾಡಿರಲಿಲ್ಲ. ಇಳಿಸೋಣವೆಂದರೆ ನಡುವೆ ನಿಲ್ಲಿಸಬೇಕಾಗುತ್ತಿತ್ತು. ಅಷ್ಟರಲ್ಲಿ ಹೆಂಗಸರು, ಹಿಂದಿನ ದಿನದಿಂದ ಕಟ್ಟಿಹಾಕಿದ್ದ ಬಾಯಿಗಳೆಲ್ಲ ಒಮ್ಮೆಗೇ ಬಿಚ್ಚಿದಂತೆ, ಮೇಲಿನ ಷಡ್ಜವನ್ನು ನಿರಾಯಾಸವಾಗಿ ಮುಟ್ಟಿ, ಅದರಾಚೆಗೂ ಹೋದರು. ಮಕ್ಕಳು ಅವರಿಗಿಂತ ಮೇಲೆ ಹೋದರು. ದೇವಾಲಯದ ಬಾಗಿಲವರೆಗೂ ಯಾರೂ ಕಿರುಚಲಿಲ್ಲ, ಯಾರೂ ಗೊಣಗಲಿಲ್ಲ. ನಾನು ಒಂದು ಸ್ವರವನ್ನೂ ಹಾಡದೆ ಅವರ ಮುಂದೆ ನಡೆದೆ. ಅವರು ಹಾಡಿದ್ದು ಹಕಾರದಿಂದಲೋ ಅದಿಲ್ಲದೆಯೋ ಎಂಬುದು ಈಗ ನೆನಪಿಲ್ಲ. ಅಂದು ಕಿವಿಗೊಟ್ಟಿರಲೂ ಇಲ್ಲ.

ಮಧ್ಯಾಹ್ನದ ಬಸ್ಸಿನಲ್ಲಿ ಅದೇ ಕಂಡಕ್ಟರು ಪೆಟ್ಟಿಗೆಯನ್ನು ಒಳಗೆ ಎಳೆದುಕೊಳ್ಳುತ್ತಾ, “ಎಲ್ಲಾ ಗೊತ್ತಾಯ್ತು ಬುಡಿ ಸಾ. ನೀವಾದ್ರೂ ಆಗ್ಲೇ ಬರ್ದು ತೋರಿಸ್ಬಾರ್ದಾ? ನಾನ್ ನಿನ್ನೆಯೆಲ್ಲಾ ನಿಮ್ ಎಸ್ರೇಳಿ ಬೀಡಿ ಸೇದಿಲ್ಲ” ಎಂದನು. ನಾನು ಸ್ಲೇಟನ್ನು ಅವನ ಮುಂದೆ ಹಿಡಿದೆ. ‘ಇನ್ನು ಮುಂದೆಯೂ ಸೇದಬೇಡ’ ಎಂದು ಅದರಲ್ಲಿತ್ತು.

ಕೊಳ್ಳೇಗಾಲದಲ್ಲಿ ಪತ್ನಿ ಬಾಗಿಲಲ್ಲಿಯೇ ನಿಂತಿದ್ದಳು. ಚೀಟಿ ಏಕೆ ಬರೆಯಲಿಲ್ಲವೆಂದು ಸ್ಲೇಟಿನ ಮೇಲೆ ಕೇಳಿದೆ. “ಬಸ್ಸು ಹೊರಡ್ತಾ ಇತ್ತು ರೀ” ಎಂದಳು. ಆಮೇಲೆ ಕಾಫಿ ಲೋಟವನ್ನು ಕೈಗಿಡುತ್ತಾ, “ಅದೂ ಅಲ್ಲದೆ, ಮದುವೆಯಾದ ಹೊಸದರಲ್ಲಿ ತವರಿಂದ ನಾನು ಬರೆದ ಕಾಗದಕ್ಕೆಲ್ಲ ಕೆಂಪು ಶಾಯಿಯಲ್ಲಿ ಗುರುತು ಹಾಕಿ ವಾಪಸ್ ಕಳಿಸಿದ್ರಲ್ಲ. ಆವತ್ತಿಂದ ನಿಮಗೆ ನಾನು ಏನೂ ಬರೆದಿಲ್ಲ. ನೀವು ಗಮನಿಸಿಲ್ಲ, ಅಷ್ಟೆ” ಎಂದಳು.

ಗಮನಿಸಿರಲಿಲ್ಲ. ಉತ್ತರ ಬರೆಯಲು ಬಳಪ ಎತ್ತಿದೆ. ಬರೆಯುವ ಬದಲು ಸ್ಲೇಟನ್ನು ಒರೆಸಿ ಬಳಪದ ಸಮೇತ ಆಕೆಯ ಕೈಗೆ ಕೊಟ್ಟೆ. ಆಕೆ ಅಡುಗೆಮನೆಗೆ ಹೋಗಿ ಏನೋ ಬರೆದು ತಂದು ಗೋಡೆಗೆ ಒರಗಿಸಿಟ್ಟಳು. ಅಲ್ಲಿ ಬರೆದದ್ದನ್ನು ಇಲ್ಲಿ ಬರೆಯುವುದು ಉಚಿತವಲ್ಲ. ನನ್ನ ಬಳಕೆಗೆ ಶಾಲೆಯಿಂದ ಇನ್ನೊಂದು ಸ್ಲೇಟು ತಂದುಕೊಂಡೆ; ವೈದ್ಯರು ಹೇಳಿದ ತಿಂಗಳು ಮುಗಿಯುವವರೆಗೂ ಅದು ಅಲ್ಲಿಯೇ ಇತ್ತು. ನಾನು ಅದರ ಒಂದು ಅಕ್ಷರವನ್ನೂ ಮುಟ್ಟಲಿಲ್ಲ.

ಅನಂತರ ದನಿ ಮರಳಿತು, ಮೊದಲಿಗಿಂತ ಒಂದು ಮನೆ ಕೆಳಗೆ. ಕೆಲವು ವರ್ಷಗಳ ಬಳಿಕ ಅವಧಿಗೆ ಮುಂಚೆಯೇ ನಿವೃತ್ತನಾಗಿ, ತರಗತಿಯ ಕೂಗಾಟವನ್ನು ಬಿಟ್ಟು, ಪೆಟ್ಟಿಗೆಯನ್ನಷ್ಟೇ ಉಳಿಸಿಕೊಂಡೆ. ರಾಮಾಪುರದ ಆಚೆಯ ಆ ಹಳ್ಳಿಗೆ ಈಗಲೂ ಹೋಗುತ್ತೇನೆ. ಅಲ್ಲಿಯ ಹೆಂಗಸರು ಕಪ್ಪು ಮೂರರಲ್ಲಿಯೇ ಹಾಡುತ್ತಾರೆ. ನನಗೆ ಅಷ್ಟು ಎತ್ತರ ಎಟುಕುವುದಿಲ್ಲ; ಆದ್ದರಿಂದ ಅಲ್ಲಿ ನಾನು ಬಾರಿಸುತ್ತೇನೆ, ಅವರು ಹಾಡುತ್ತಾರೆ.